ಎದ್ದು ನಿಂತ ಪಿನ್ನು

ನಮ್ಮ ಮನೆಯವರು ಹೋದ ಮೇಲೆ ನಾನು ಸೀರೆಗೆ ಪಿನ್ನು ಹಾಕುವುದನ್ನು ಬಿಟ್ಟಿದ್ದೇನೆ. ಗಂಡ ಸತ್ತವಳಿಗೆ ಇನ್ನು ಒಪ್ಪ ಓರಣ ಯಾಕೆ ಎಂದು ಬಿಟ್ಟಿದ್ದಾಳೆ ಅಂತ ಓಣಿಯ ಹೆಂಗಸರು ತಿಳಿದಿದ್ದಾರೆ. ಅವರು ಕೇಳಿಲ್ಲ, ನಾನೂ ಹೇಳಿಲ್ಲ. ಸೆರಗು ಜಾರಿದರೆ ಎಳೆದು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತೇನೆ. ನಿಜ ಹೇಳಬೇಕೆಂದರೆ ನನಗೆ ಪಿನ್ನು ಕಂಡರೆ ಹೆದರಿಕೆ. ಒಂದು ಸಲ ಅದು ನನ್ನ ಭುಜದ ಮೇಲೆ, ಸೆರಗಿನ ಬಟ್ಟೆಯನ್ನೂ ಎತ್ತಿಕೊಂಡು, ತಾನಾಗಿ ಎದ್ದು ನಿಂತದ್ದನ್ನು ನೋಡಿದ್ದೇನೆ.

ಅವರದು ಬಳ್ಳಾರಿಯ ಕೌಲ್ ಬಜಾರಿನಲ್ಲಿ ಸಣ್ಣ ವೆಲ್ಡಿಂಗ್ ಶಾಪು. ಒಂದು ಕಡೆ ಸೈಕಲ್ ರಿಪೇರಿ ಅಂಗಡಿ, ಇನ್ನೊಂದು ಕಡೆ ಹಾಸಿಗೆ ಹೊಲಿಯುವವರು. ಗೇಟು, ಕಿಟಕಿಯ ಸರಳು ಎಲ್ಲ ಮಾಡುತ್ತಿದ್ದರು. ಆದರೆ ಹೆಚ್ಚು ಕೆಲಸ ಸಿರುಗುಪ್ಪದ ಕಡೆಯದು. ಅಲ್ಲಿ ಕಾಲುವೆಗೆ ನೀರು ಬಿಟ್ಟರೆ ಸಾಕು, ಭತ್ತದ ಗದ್ದೆಯ ಕೆಸರಿಗೆ ಇಳಿಸುವ ಟ್ರ್ಯಾಕ್ಟರುಗಳಿಗೆ ಕಬ್ಬಿಣದ ಪಂಜರದಂಥ ಗಾಲಿ ಬೇಕಾಗುತ್ತಿತ್ತು. ಅವನ್ನು ಬೆಸೆದು, ಗ್ರೈಂಡರ್ ಹಿಡಿದು ಉಜ್ಜುವಾಗ ಕಿಡಿಗಳು ಬೀದಿಯವರೆಗೆ ಹಾರುತ್ತಿದ್ದವು. ಕಣ್ಣಿಗೆ ಹಾಕಿಕೊಳ್ಳುವ ಕನ್ನಡಕ ಇತ್ತು. ಅದು ಸದಾ ಗೋಡೆಯ ಮೊಳೆಗೆ ನೇತಾಡುತ್ತಿತ್ತು. ಹಾಕಿಕೊಂಡರೆ ಬೆವರು ಇಳಿಯುತ್ತದೆ, ಕೆಲಸ ಕಾಣುವುದಿಲ್ಲ ಎನ್ನುತ್ತಿದ್ದರು.

ಹಾಗಾಗಿ ಕಣ್ಣಿಗೆ ಕಬ್ಬಿಣದ ಪುಡಿ ಹೋಗುವುದು ಅಲ್ಲಿ ದಿನದ ಮಾತು. ಅದಕ್ಕೆ ಮದ್ದು ಎಂದರೆ ಒಂದು ಅಯಸ್ಕಾಂತ. ಸಿರುಗುಪ್ಪದ ಒಂದು ಅಕ್ಕಿ ಗಿರಣಿಯಲ್ಲಿ ಭತ್ತ ಮೇಲಿಂದ ಸುರಿಯುವ ದಾರಿಗೆ ಅಯಸ್ಕಾಂತ ಕೂಡಿಸಿರುತ್ತಾರೆ, ಭತ್ತದ ಜೊತೆ ಬಂದ ಮೊಳೆ, ತಂತಿಯ ತುಂಡು ಯಂತ್ರದೊಳಗೆ ಹೋಗದಿರಲಿ ಎಂದು. ಗಿರಣಿಯ ರಿಪೇರಿಗೆ ಹೋದಾಗ ಹಳೆಯದನ್ನು ಕಿತ್ತು ಬಿಸಾಡಿದ್ದರಂತೆ, ಇವರು ಎತ್ತಿಕೊಂಡು ಬಂದರು. ಬಟ್ಟೆ ಒಗೆಯುವ ಸೋಪಿನ ಅರ್ಧದಷ್ಟು ದೊಡ್ಡದು, ಕಪ್ಪಗೆ, ಒಂದು ಮೂಲೆ ಒಡೆದಿತ್ತು. ಶಾಪಿನ ಕಬ್ಬಿಣದ ಬಾಗಿಲಿಗೆ ಅದು ತಾನೇ ಅಂಟಿಕೊಂಡಿರುತ್ತಿತ್ತು.

ನಾನು ಬುತ್ತಿ ತೆಗೆದುಕೊಂಡು ಹೋದಾಗ ಎಷ್ಟೋ ಸಲ ನೋಡಿದ್ದೇನೆ. ಸಿರಿಗೇರಿಯ ಕಡೆಯ ಟ್ರ್ಯಾಕ್ಟರ್ ಡ್ರೈವರ್ ಒಬ್ಬ ಗಾಲಿ ತಗೊಳ್ಳಲು ಬಂದು, ಹತ್ತಿರ ನಿಂತು, ಕಣ್ಣು ಹಿಡಿದುಕೊಂಡು ಕುಣಿಯುತ್ತಿದ್ದ. ನಮ್ಮವರು ಅವನನ್ನು ಸ್ಟೂಲಿನ ಮೇಲೆ ಕೂಡಿಸಿದರು.

"ಕಣ್ಣು ಬಿಡಲೇ."

"ಬಿಡಾಕ ಆಗವಲ್ದಣ್ಣೋ."

"ಹೆಣ್ಣು ನೋಡಾಕ ಹೋದಾಗ ಹೆಂಗ ಬಿಟ್ಕೊಂಡು ಕುಂತಿದ್ದಿ? ಹಂಗ ಬಿಡು."

ಎಲ್ಲರೂ ನಕ್ಕರು, ಅವನೂ ನಕ್ಕ. ನಗುವಷ್ಟರಲ್ಲಿ ನಮ್ಮವರು ರೆಪ್ಪೆ ಹಿಡಿದು ಅಯಸ್ಕಾಂತದ ಒಡೆದ ಮೂಲೆಯನ್ನು ಕಣ್ಣಿನ ಹತ್ತಿರ ತಂದರು. ತಾಗಿಸಲಿಲ್ಲ, ಒಂದು ಅಕ್ಕಿಕಾಳಿನಷ್ಟು ದೂರದಲ್ಲಿ ನಿಲ್ಲಿಸಿದರು. "ಬಂತು" ಎಂದರು. ಮೂಲೆಯಲ್ಲಿ ಕೂದಲಿನ ತುದಿಯಂಥದ್ದು ಅಂಟಿತ್ತು. ಅದನ್ನು ಬಿಳಿ ಬಟ್ಟೆಗೆ ಒರೆಸಿ ಅವನಿಗೆ ತೋರಿಸಿದರು. ಶಾಪಿನಲ್ಲಿ ಇದೇ ಪದ್ಧತಿ. ಬಟ್ಟೆಯ ಮೇಲೆ ಚುಕ್ಕೆ ಕಂಡರೆ ಕಣ್ಣು ಸ್ವಚ್ಛ ಆಯಿತು. ಅಯಸ್ಕಾಂತ ಏನೂ ಹಿಡಿಯಲಿಲ್ಲ ಎಂದರೆ ಒಳಗೆ ಏನೂ ಇಲ್ಲ. ಅದರ ಮಾತೇ ಕೊನೆಯ ಮಾತು.

ಅವರ ಕಣ್ಣಿಗೇ ಹೋದರೆ ಮನೆಗೆ ತರುತ್ತಿದ್ದರು. "ನೀ ಹಿಡಿ, ನಿನ್ನ ಕೈ ನಡುಗಂಗಿಲ್ಲ" ಎನ್ನುತ್ತಿದ್ದರು. ಬಾಗಿಲ ಬೆಳಕಿಗೆ ಕೂಡಿಸಿ ನಾನು ಹಿಡಿಯುತ್ತಿದ್ದೆ. ಒಂದು ಸಲ ಎಡಗಣ್ಣು ಕೆಂಪಗಾಗಿತ್ತು, ಎಷ್ಟು ಹಿಡಿದರೂ ಬಟ್ಟೆಯ ಮೇಲೆ ಚುಕ್ಕೆ ಬರಲಿಲ್ಲ. ಸುಮ್ಮನೆ ತಾಗಿ ಹೋಗಿರಬೇಕು ಎಂದು ಒದ್ದೆ ಬಟ್ಟೆ ಹಾಕಿಕೊಂಡು ಮಲಗಿದರು. ಉರಿ ನಿಂತಿತು. ಆಮೇಲೆ ಇಬ್ಬರೂ ಅದನ್ನು ಮರೆತೆವು.

ನನಗೆ ಕಣ್ಣಿಗೆ ಕಾಣದ ಬಲದ ಬಗ್ಗೆ ಮೊದಲಿನಿಂದಲೂ ಒಂದು ಅಂಜಿಕೆ ಇದೆ. ಕುರುಗೋಡಿನ ಶಾಲೆಯಲ್ಲಿ ಮೇಷ್ಟ್ರು ಬಿಳಿ ಹಾಳೆಯ ಮೇಲೆ ಕಬ್ಬಿಣದ ಪುಡಿ ಉದುರಿಸಿ, ಕೆಳಗೆ ಅಯಸ್ಕಾಂತ ಹಿಡಿದು, ಬೆರಳಿನಿಂದ ಹಾಳೆಯನ್ನು ತಟ್ಟಿದ್ದರು. ಚೆಲ್ಲಾಪಿಲ್ಲಿ ಬಿದ್ದಿದ್ದ ಪುಡಿ ಬಾಚಿದ ಕೂದಲಿನ ಹಾಗೆ ಗೆರೆ ಗೆರೆಯಾಗಿ ನಿಂತಿತು. ಗೆರೆಗಳು ಒತ್ತೊತ್ತಾಗಿ ಇರುವಲ್ಲಿ ಬಲ ಹೆಚ್ಚು, ದೂರ ದೂರ ಇರುವಲ್ಲಿ ಕಡಿಮೆ ಎಂದು ಮೇಷ್ಟ್ರು ಹೇಳಿದರು. ಉಳಿದ ಹುಡುಗಿಯರು ಚಪ್ಪಾಳೆ ತಟ್ಟಿದರು. ನನಗೆ ಮಾತ್ರ ಆ ಗೆರೆಗಳು ಹಾಳೆಯ ಆಚೆಗೂ, ನಾವು ಕುಳಿತ ಬೆಂಚಿನವರೆಗೂ ಇರಬಹುದಲ್ಲ, ಪುಡಿ ಇಲ್ಲದ್ದರಿಂದ ಕಾಣುತ್ತಿಲ್ಲ ಅಷ್ಟೇ ಅನಿಸಿತು. ಹತ್ತನೇ ತರಗತಿಗೆ ನನ್ನ ಓದು ಮುಗಿಯಿತು. ಕಲಿತದ್ದರಲ್ಲಿ ಬಹಳಷ್ಟು ಹೋಗಿದೆ, ಈ ಗೆರೆಗಳು ಉಳಿದಿವೆ.

ಮದುವೆಯಾದ ಮೇಲೆ ಬೈಕಿನಲ್ಲಿ ತವರಿಗೆ ಹೋಗುವಾಗ ದಾರಿಯಲ್ಲಿ ದೊಡ್ಡ ಕರೆಂಟು ತಂತಿಗಳ ಕೆಳಗೆ ಹಾದು ಹೋಗಬೇಕಿತ್ತು. ಇಬ್ಬನಿ ಬಿದ್ದ ಬೆಳಿಗ್ಗೆ ಅವು ಜೇನುಹುಳುಗಳ ಹಾಗೆ ಗುಂಯ್ ಎನ್ನುತ್ತಿದ್ದವು. ಒಮ್ಮೆ ಅವರು ಬೇಕೆಂದೇ ಕೆಳಗೆ ಬೈಕು ನಿಲ್ಲಿಸಿದರು. ನನ್ನ ಮುಂಗೈಯ ರೋಮ ನಿಂತಿತು.

"ಹೋಗೋಣ್ರಿ, ಮೈ ಜುಮ್ ಅಂತೈತಿ."

"ತಂತಿ ಮುಟ್ಟಬೇಕು ಅಂತಿಲ್ಲ, ನೋಡು. ಸುತ್ತಲ ಗಾಳ್ಯಾಗೂ ಇರತೈತಿ ಅದು."

"ಇದ್ದರ ಇರಲಿ. ನೀವು ಗಾಡಿ ತೆಗೀರಿ."

"ಹಿಂಗ ಹೆದರಾಕಿ ನನ್ನ ಕಣ್ಣಾಗ ಹೆಂಗ ಮ್ಯಾಗ್ನೆಟ್ ಹಿಡಿತೀ?" ಎಂದು ನಗುತ್ತಾ ಕಿಕ್ ಹೊಡೆದರು. ಅವರಿಗೆ ಹೆದರಿಕೆ ಎಂದರೆ ಇನ್ನೊಬ್ಬರದು.

ಅಂಥವರು ಹೆದರಿದ್ದನ್ನು ನಾನು ನೋಡಿದ್ದು ಕಾಯಿಲೆ ಬಂದ ಮೇಲೆ. ಮೊದಲು ಬೆಳಿಗ್ಗೆ ಎದ್ದ ಕೂಡಲೇ ತಲೆನೋವು, ವಾಂತಿ. ಆಮೇಲೆ ಬಲಗೈಯಿಂದ ವೆಲ್ಡಿಂಗ್ ರಾಡು ಜಾರತೊಡಗಿತು. ನೀರು ಕೊಡು ಎನ್ನುವ ಕಡೆ ಬಾಗಿಲು ಕೊಡು ಎಂದರು. ನಾನು ನಕ್ಕೆ. ಅವರು ನಗಲಿಲ್ಲ. ಕೊನೆಗೆ ಸಿರುಗುಪ್ಪದ ಗಿರಣಿಯಲ್ಲೇ ಭತ್ತದ ಚೀಲಗಳ ನಡುವೆ ಬಿದ್ದು ಕೈಕಾಲು ಸೆಳೆದುಕೊಂಡರು. ಬಳ್ಳಾರಿಯ ಡಾಕ್ಟರು ನೋಡಿ, ತಲೆಯೊಳಗೆ ಏನಿದೆ ಎಂದು ಸರಿಯಾಗಿ ಕಾಣಬೇಕಾದರೆ ಮ್ಯಾಗ್ನೆಟ್ಟಿನ ಸ್ಕ್ಯಾನೇ ಆಗಬೇಕು ಎಂದರು.

ಸ್ಕ್ಯಾನಿಗೆ ಹೋದವರು ಮೂವರು. ನಾವಿಬ್ಬರು ಮತ್ತು ಅವರ ತಮ್ಮ. ಮೈದುನ ಅವರ ಜೊತೆಯಲ್ಲೇ ಶಾಪಿನಲ್ಲಿ ಕೆಲಸ ಮಾಡುವವನು. ಅಲ್ಲಿ ಸ್ಕ್ಯಾನ್ ಮಾಡುವ ಹುಡುಗ ನಮ್ಮ ಊರಿನ ಮಾತಿನವನೇ, ಒಳ್ಳೆಯವನು. ಲೋಹದ್ದು ಏನಿದ್ದರೂ ತೆಗೆಯಿರಿ ಎಂದ. ಬೆಲ್ಟು, ವಾಚು, ಉಡಿದಾರ ಎಲ್ಲ ತೆಗೆದರು. ಕೊರಳಿನ ಹತ್ತಿರ ಕೈ ನಿಂತಿತು.

"ಅದನ್ನೂ ತೆಗೀರಿ ಯಜಮಾನ್ರೇ."

"ಇದು ಲಿಂಗಪ್ಪಾ. ತೆಗಿಯಂಗಿಲ್ಲ."

"ಗೊತ್ತೈತ್ರಿ. ನಮ್ಮ ಮನ್ಯಾಗೂ ಐತಿ. ಆದ್ರೂ ಒಳಗ ಬರಂಗಿಲ್ಲ."

"ಬೆಳ್ಳಿ ಕರಡಿಗಿ ಇದು. ಬೆಳ್ಳಿ ಮ್ಯಾಗ್ನೆಟ್ಟಿಗೆ ಹತ್ತಂಗಿಲ್ಲ. ಕಬ್ಬಿಣದ ಕೆಲಸ ಮಾಡಾಂವ ನಾನು, ನನಗ ಹೇಳ್ತೀಯೇನು?"

"ಖರೆ ಐತ್ರಿ. ಆದ್ರ ಮುಚ್ಚಳದ ತಿರುಗಣಿಯಾಗ ಮೊಳಿ ಯಾತರದ್ದೈತೋ ಯಾರಿಗೊತ್ತು? ಬಿಸಿನೂ ಆಗತೈತಿ."

ನಮ್ಮ ಮನೆಯಲ್ಲಿ ಲಿಂಗ ಕಟ್ಟಿದ ದಿನದಿಂದ ಮಣ್ಣಿಗೆ ಹೋಗುವವರೆಗೂ ಅದು ಮೈ ಬಿಟ್ಟು ಇರಬಾರದು. ಅದು ಜಾರಿ ಬಿದ್ದರೆ ಜೀವ ಕೊಟ್ಟ ಹಿರಿಯರ ಕಥೆ ಕೇಳಿಯೇ ಬೆಳೆದವರು ನಾವು. ಮಾತಿಗೆ ಮಾತು ಬೆಳೆಯಿತು. ಆ ಹುಡುಗ ಅದರ ನಡುವೆಯೇ ತನ್ನ ಪ್ರಶ್ನೆಗಳನ್ನು ಕೇಳುತ್ತಾ ಹೋದ. ಎದೆಗೆ ಯಂತ್ರ ಕೂಡಿಸಿದ್ದೀರಾ, ಇಲ್ಲ. ಎಲುಬಿಗೆ ರಾಡು, ಇಲ್ಲ. ಕಣ್ಣಿನಲ್ಲಿ ಎಂದಾದರೂ ಕಬ್ಬಿಣ ಹೋಗಿತ್ತೇ? "ಏನಿಲ್ಲಪ್ಪಾ, ಎಲ್ಲಾ ತೆಗದೀವಿ" ಎಂದರು ನಮ್ಮವರು. ಅವರ ಕಣ್ಣು ಶಿವದಾರದ ಗಂಟಿನ ಮೇಲಿತ್ತು. ನನ್ನ ಕಣ್ಣೂ ಅಲ್ಲೇ ಇತ್ತು. ಶಾಪಿನ ಲೆಕ್ಕದಲ್ಲಿ ಅದು ಸರಿಯಾದ ಉತ್ತರವೇ. ಹಿಡಿದದ್ದನ್ನೆಲ್ಲ ಅಯಸ್ಕಾಂತ ತೆಗೆದಿತ್ತು.

ಕೊನೆಗೆ ಅವರೇ ದಾರ ಬಿಚ್ಚಿದರು. ಮೈದುನ ಹೊಸ ಕರವಸ್ತ್ರದಲ್ಲಿ ಲಿಂಗವನ್ನು ತೆಗೆದುಕೊಂಡು, ಎರಡೂ ಅಂಗೈ ಕೂಡಿಸಿ, ಎದೆಯ ಮಟ್ಟಕ್ಕೆ ಹಿಡಿದು ನಿಂತ. ಕುರ್ಚಿ ಇದ್ದರೂ ಕೂರಲಿಲ್ಲ.

ಬಾಗಿಲವರೆಗೆ ಹೋದವರು ತಿರುಗಿ ನನ್ನನ್ನು ನೋಡಿದರು. "ನೀನೂ ಬಾ" ಎಂದರು. ದನಿ ಬೇರೆಯಾಗಿತ್ತು. ಒಬ್ಬರು ಜೊತೆಗೆ ನಿಲ್ಲಬಹುದು, ನಿಮ್ಮದೂ ಎಲ್ಲ ತೆಗೆದು ಬನ್ನಿ ಎಂದ ಆ ಹುಡುಗ. ತಾಳಿ ತೆಗೆದೆ. ಬಳೆ ತೆಗೆದೆ. ಕಾಲುಂಗುರ ಬರಲಿಲ್ಲ, ಸೋಪು ಹಚ್ಚಿ ಎಳೆದೆ. ಬಚ್ಚಲಿನ ಕನ್ನಡಿಯಲ್ಲಿ ಬೋಳು ಕೊರಳು ಕಂಡಿತು. ಗಂಡ ಹೊರಗೆ ಕಾಯುತ್ತಿರುವಾಗಲೇ ಹೀಗೆ ನನ್ನನ್ನು ನಾನು ನೋಡಬೇಕಾಯಿತು. ಕನ್ನಡಿಗೆ ಬೆನ್ನು ಮಾಡಿ ಬೇಗ ಹೊರಟೆ. ಭುಜದಲ್ಲಿ, ನೆರಿಗೆಯ ಒಳಗೆ ಚುಚ್ಚಿದ್ದ ಪಿನ್ನು ನೆನಪಿಗೇ ಬರಲಿಲ್ಲ.

ಆ ಕೋಣೆ ತಣ್ಣಗಿತ್ತು. ಯಂತ್ರ ಬಿಳಿಯ ದೊಡ್ಡ ಬಾವಿಯೊಂದನ್ನು ಅಡ್ಡ ಮಲಗಿಸಿದ ಹಾಗಿತ್ತು. ಒಳಗಿನಿಂದ ಹಕ್ಕಿ ಕುಟುಕುವಂಥ ಸದ್ದು ಬರುತ್ತಿತ್ತು. ಅವರನ್ನು ಮಲಗಿಸಿ, ತಲೆಯ ಮೇಲೆ ಒಂದು ಪಂಜರ ಇಟ್ಟರು. ಗಾಲಿಗಳಿಗೆ ಪಂಜರ ಬೆಸೆದವರು ತಾವೇ ಒಂದರೊಳಗೆ ಮಲಗಿದ್ದರು. ನಾನು ಪಾದ ಹಿಡಿದು ನಿಂತೆ. ಹಿಡಿತ ಬಿಗಿಯಾಗಲಿ ಎಂದು ಒಂದು ಹೆಜ್ಜೆ ಮುಂದೆ ಹೋದೆ.

ಭುಜದ ಮೇಲೆ ಯಾರೋ ಸೆರಗು ಹಿಡಿದು ಎಳೆದಂತಾಯಿತು. ತಿರುಗಿದೆ, ಯಾರೂ ಇಲ್ಲ. ನೋಡಿದರೆ ನೆರಿಗೆಯೊಳಗಿಂದ ಬಟ್ಟೆ ಎದ್ದು ನಿಂತಿತ್ತು. ಅದರ ತುದಿಯಲ್ಲಿ ಪಿನ್ನು. ಅದು ಬಾವಿಯ ಬಾಯಿಯ ಕಡೆಗೆ ಮುಖ ಮಾಡಿ, ಸಣ್ಣಗೆ ಅಲುಗುತ್ತಿತ್ತು. ಹಾಳೆಯ ಮೇಲಿನ ಗೆರೆಗಳು ನೆನಪಾದವು. ಇಲ್ಲಿ ಹಾಳೆಯಿಲ್ಲ, ಪುಡಿಯಿಲ್ಲ, ಆದರೆ ಕೋಣೆಯ ತುಂಬ ಗೆರೆಗಳು ಇದ್ದವು. ಅವು ನನ್ನ ಮೂಲಕ ಹಾಯುತ್ತಿದ್ದವು, ಅವರ ತಲೆಯ ಹತ್ತಿರ ಒತ್ತೊತ್ತಾಗಿದ್ದವು. ಆ ಕ್ಷಣಕ್ಕೆ, ಬಟ್ಟೆಯ ಮೇಲೆ ಚುಕ್ಕೆ ಬಾರದ ಆ ದಿನ, ಕೆಂಪು ಎಡಗಣ್ಣು, ನನ್ನ ಕೈಯಲ್ಲಿದ್ದ ಒಡೆದ ಅಯಸ್ಕಾಂತ, ಎಲ್ಲ ಒಮ್ಮೆಗೇ ಕಣ್ಣ ಮುಂದೆ ಬಂದವು. ನಮ್ಮದು ಒಂದು ಅಕ್ಕಿಕಾಳಿನ ದೂರಕ್ಕೆ ಎಳೆಯುವಂಥದ್ದು. ಅದು ಹಿಡಿಯದೆ ಬಿಟ್ಟದ್ದನ್ನು ಇದು ಬಿಡುತ್ತದೆಯೇ?

"ನಿಲ್ಲಸ್ರಿ! ಬಂದ್ ಮಾಡ್ರಿ ಅದನ್ನ!"

"ಇನ್ನಾ ಚಾಲೂನೇ ಮಾಡಿಲ್ಲಮ್ಮಾ" ಎಂದು ತಿರುಗಿದ ಆ ಹುಡುಗ ಪಿನ್ನನ್ನು ಕಂಡು, ಹಾರಿ ಬಂದು ಮುಷ್ಟಿಯಲ್ಲಿ ಹಿಡಿದುಕೊಂಡ. ಬಾಗಿಲ ಕಡೆಗೆ ನನ್ನನ್ನು ದೂಡಿದ.

"ಅವರ ಕಣ್ಣಾಗ ಕಬ್ಬಿಣ ಐತಿ. ಬಂದ್ ಮಾಡಪ್ಪಾ ಅದನ್ನ!"

"ಇದನ್ನ ಬಂದ್ ಮಾಡಾಕ ಬರಂಗಿಲ್ಲಮ್ಮಾ. ಫೋಟೋ ತೆಗಿಯೂದು ಅಷ್ಟ ಚಾಲೂ ಬಂದ್ ನಮ್ಮ ಕೈಯಾಗ. ಮ್ಯಾಗ್ನೆಟ್ ಯಾವಾಗಲೂ ಇರತೈತಿ. ಊರಿಗೆಲ್ಲಾ ಕರೆಂಟ್ ಹೋದ್ರೂ ಎಳೀತಿರತೈತಿ."

ಪಂಜರದೊಳಗಿಂದ ಅವರು ಸಿಟ್ಟಾದರು. "ಏನಂತಿ ಲೇ? ಅವತ್ತು ಮ್ಯಾಗ್ನೆಟ್ ಏನೂ ಹಿಡೀಲೇ ಇಲ್ಲಲ್ಲ!"

"ಯಾವ ಮ್ಯಾಗ್ನೆಟ್?" ಎಂದ ಆ ಹುಡುಗ. ನಾನು ಎರಡು ಮಾತಿನಲ್ಲಿ ಹೇಳಿದೆ. ಅವನ ಮುಖದ ಬಣ್ಣ ಹೋಯಿತು.

"ಯಜಮಾನ್ರೇ, ಅಲ್ಲಾಡಬ್ಯಾಡ್ರಿ. ತಲಿ ತಿರುವಬ್ಯಾಡ್ರಿ. ಹಂಗಽ ಮಲಗಿರ್ರಿ, ನಾ ಹೊರಗ ತರ್ತೀನಿ."

ಅವನು ಮಂಚವನ್ನು ಇಂಚಿಂಚಾಗಿ ಹಿಂದಕ್ಕೆ ಎಳೆದ. ನಾನು ಬಾಗಿಲಲ್ಲಿ ನಿಂತು ಅವರ ಎಡಗಣ್ಣನ್ನೇ ನೋಡುತ್ತಿದ್ದೆ, ಅದರೊಳಗಿಂದ ಈಗ ರಕ್ತ ಬರುತ್ತದೆ, ಈಗ ಬರುತ್ತದೆ ಎಂದು. ಅವರು ರೆಪ್ಪೆ ಮಿಟುಕಿಸಲಿಲ್ಲ. ಶಾಪಿನಲ್ಲಿ ಬೇರೆಯವರಿಗೆ ಹೇಳುತ್ತಿದ್ದ ಹಾಗೆ ತಾವೂ ಕಣ್ಣು ಬಿಟ್ಟುಕೊಂಡು ಮಲಗಿದ್ದರು. ಹೊಸ್ತಿಲು ದಾಟಿದ ಮೇಲೆ ಅವನು "ಇನ್ನು ಹೆದರಿಕಿಲ್ಲ" ಎಂದ. ನಾನು ಗೋಡೆಗೆ ಒರಗಿ ಕುಳಿತೆ. ಮೈದುನ ಅಂಗೈ ಕೂಡಿಸಿಕೊಂಡು ಹಾಗೆಯೇ ನಿಂತಿದ್ದ.

ಕಣ್ಣಿನ ಎಕ್ಸ್‌ರೇ ತೆಗೆದರು. ಎಡಗಣ್ಣಿನ ಗುಡ್ಡೆಯಲ್ಲಿ ಒಂದು ಬಿಳಿ ಚುಕ್ಕೆ, ಸಾಸಿವೆಗಿಂತ ಸಣ್ಣದು. ಡಾಕ್ಟರು ಅದನ್ನು ಪೆನ್ನಿನ ತುದಿಯಿಂದ ತೋರಿಸಿದರು. ಯಂತ್ರದ ಬಾಯೊಳಗೆ ಹೋಗಿದ್ದರೆ ಇದು ಸುಮ್ಮನೆ ಕೂರುತ್ತಿರಲಿಲ್ಲ, ಆ ಕಣ್ಣು ಹೋಗುವ ಸಂಭವ ಇತ್ತು ಎಂದರು.

"ಇಷ್ಟು ವರ್ಷ ಬಾಡಿಗಿ ಕೊಡದ ಕುಂತಾನ ನೋಡು ಮಗ" ಎಂದರು ನಮ್ಮವರು. ಆ ಮಾತಿಗೆ ಡಾಕ್ಟರೂ ನಕ್ಕರು. ನನಗೆ ನಗು ಬರಲಿಲ್ಲ.

ಆ ಸ್ಕ್ಯಾನು ಆಗಲಿಲ್ಲ. ಕಣ್ಣಿನ ಆಪರೇಶನ್ ಮಾಡಿ ಚುಕ್ಕೆ ತೆಗೆಸಿ, ವಾಸಿಯಾಗುವವರೆಗೆ ಕಾಯಲು ತಲೆಯ ಕಾಯಿಲೆ ಬಿಡುವಂತಿರಲಿಲ್ಲ. ಅಯಸ್ಕಾಂತವಿಲ್ಲದ ಇನ್ನೊಂದು ಸ್ಕ್ಯಾನು ಮಾಡಿದರು. ತಲೆಯಲ್ಲಿ ಗಡ್ಡೆ ಇದೆ ಎಂದು ಅದರಲ್ಲೂ ಕಂಡಿತು. ಆದರೆ ಅದರ ಅಂಚು ಎಲ್ಲಿಯವರೆಗೆ ಎಂಬುದು ಅಷ್ಟು ಸ್ಪಷ್ಟವಿಲ್ಲ ಎಂದರು. ತಲೆಯ ಆಪರೇಶನ್ ಆಯಿತು. ಸ್ವಲ್ಪ ದಿನ ಚೆನ್ನಾಗಿದ್ದರು. ಶಾಪಿಗೂ ಹೋಗಿ ಕುಳಿತು ಬಂದರು. ಮತ್ತೆ ಬೆಳೆಯಿತು.

ಆಗಲೇ ಒಂದು ಸಂಜೆ, ಅವರು ಮಲಗಿರುವಾಗ, ಅಡುಗೆ ಮನೆಯ ಬಾಗಿಲಲ್ಲಿ ನಿಂತು ಮೈದುನ ಹೇಳಿದ.

"ಅವತ್ತು ಸುಮ್ಮನಿದ್ದಿದ್ರ ಒಂದು ಕಣ್ಣು ಹೋಗ್ತಿತ್ತು. ಒಂದು ಕಣ್ಣು ತಾನೇ ಅತ್ತಿಗಿ? ಪೂರ್ತಿ ಫೋಟೋ ಸಿಕ್ಕಿದ್ರ ಡಾಕ್ಟರು ಪೂರ್ತಿ ತೆಗೀತಿದ್ರೋ ಏನೋ."

ನಾನು ರೊಟ್ಟಿ ತಟ್ಟುತ್ತಿದ್ದೆ. ಕೈಯಲ್ಲಿದ್ದುದನ್ನು ಹಂಚಿಗೆ ಹಾಕಿದೆ. ಅವನು ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಅದೇ ಪ್ರಶ್ನೆ ನನ್ನೊಳಗೂ ಇತ್ತು. ಮುಂದೆ ಡಾಕ್ಟರನ್ನು ಒಬ್ಬಳೇ ಕಂಡಾಗ ಕೇಳಿದೆ. ಅವರು ಕೈಯಲ್ಲಿದ್ದ ಪೆನ್ನು ಕೆಳಗಿಟ್ಟರು. "ಅದು ಹೇಳಾಕ ಬರಂಗಿಲ್ಲಮ್ಮಾ" ಎಂದರು. ಸುಳ್ಳು ಸಮಾಧಾನ ಹೇಳಲಿಲ್ಲ. ಅದಕ್ಕೆ ಅವರ ಮೇಲೆ ಗೌರವ ಇದೆ, ಆದರೆ ಅಂದಿನಿಂದ ನನ್ನ ಹೆದರಿಕೆಗೆ ಕೊನೆ ಇಲ್ಲ.

ಕೊನೆಯ ತಿಂಗಳುಗಳಲ್ಲಿ ಬಲಗೈ, ಬಲಗಾಲು ಹೋದವು. ಆಮೇಲೆ ಮಾತು ಹೋಯಿತು. ಕಣ್ಣುಗಳು ಉಳಿದವು. ನೀರು ಬೇಕಾದರೆ ಚೊಂಬನ್ನು ನೋಡುತ್ತಿದ್ದರು, ಸೆಕೆಯಾದರೆ ಫ್ಯಾನನ್ನು. ನಾನು ತಪ್ಪು ತಿಳಿದು ಚಹಾ ತಂದರೆ ಎರಡೂ ಕಣ್ಣು ಮುಚ್ಚಿ ತೆರೆಯುತ್ತಿದ್ದರು, ಅದು ಅವರ ನಗು. ಮಂಚ ಗೋಡೆಗೆ ಹತ್ತಿತ್ತು, ತಲೆ ಹೊರಳಿಸಲು ಆಗುತ್ತಿರಲಿಲ್ಲ, ನಾನು ಕೂರುತ್ತಿದ್ದುದು ಅವರ ಎಡಗಡೆಗೆ. ಅವರು ನನ್ನನ್ನು ನೋಡುತ್ತಿದ್ದುದು ಹೆಚ್ಚು ಕಡಿಮೆ ಆ ಕಣ್ಣಿನಿಂದಲೇ. ಒಳಗಿನ ಚುಕ್ಕೆ ಹೊರಗೆ ಕಾಣುವುದಿಲ್ಲ ಎಂದು ಗೊತ್ತಿದ್ದರೂ ನಾನು ಹುಡುಕುತ್ತಿದ್ದೆ.

ಮಣ್ಣು ಮಾಡುವಾಗ ಲಿಂಗವನ್ನು ಅವರ ಎಡ ಅಂಗೈಯಲ್ಲಿಟ್ಟರು. ಅದು ಅವರ ಜೊತೆ ಹೋಯಿತು. ಕಣ್ಣಿನ ಚುಕ್ಕೆಯೂ ಹೋಯಿತು. ಶಾಪಿನ ಬಾಗಿಲಿನಿಂದ ಅಯಸ್ಕಾಂತವನ್ನು ಮಾತ್ರ ನಾನು ಕಿತ್ತು ಮನೆಗೆ ತಂದೆ. ಅದು ಬಾಗಿಲು ಬಿಟ್ಟು ಬರಲು ಒಪ್ಪಲಿಲ್ಲ, ಎರಡು ಕೈ ಹಾಕಬೇಕಾಯಿತು.

ಶಾಪು ಈಗ ಮೈದುನನದು. ಹೋದ ಮುಂಗಾರಿನ ಗಾಲಿಗಳ ಕೆಲಸ ಜೋರಾಗಿದ್ದಾಗ ಒಂದು ಮಧ್ಯಾಹ್ನ ಎಡಗಣ್ಣಿಗೆ ಕರವಸ್ತ್ರ ಒತ್ತಿಕೊಂಡು ಬಂದ.

"ಅತ್ತಿಗಿ, ಮ್ಯಾಗ್ನೆಟ್ ಕೊಡ್ರಿ. ನೀವಽ ಹಿಡೀರಿ."

"ಕೊಡಂಗಿಲ್ಲ."

"ಉರಿಯಾಕತ್ತೈತಿ ಅತ್ತಿಗಿ!"

"ಉರಿಲಿ. ನಡಿ ಕಣ್ಣಿನ ಡಾಕ್ಟರ್ ಹತ್ರ."

"ಇಷ್ಟಕ್ಕ ಡಾಕ್ಟರಾ? ಗಾಲಿ ಅರ್ಧಕ್ಕ ಬಿಟ್ಟು ಬಂದೀನಿ. ಸಿರುಗುಪ್ಪದಾಂವ ಬಂದು ಎದಿಮ್ಯಾಲೆ ಕುಂತಾನ."

"ಅವಂಗೂ ಕಣ್ಣದಾವು, ನೋಡ್ತಾನ. ನಡಿ."

ಆಟೋದಲ್ಲಿ ಕೂಡಿಸಿಕೊಂಡು ಹೋದೆ. ಡಾಕ್ಟರು ದೀಪ ಹಾಕಿ ನೋಡಿ, ಮೇಲೆ ಚುಚ್ಚಿದ್ದನ್ನು ಸೂಜಿಯಂಥದ್ದರಿಂದ ತೆಗೆದರು. ಒಳಗಿನದೂ ನೋಡಿ ಎಂದು ನಾನು ಹಟ ಹಿಡಿದೆ. ಎಕ್ಸ್‌ರೇ ಬರುವವರೆಗೆ ಹೊರಗೆ ಕುಳಿತು ನೆಲವನ್ನೇ ನೋಡುತ್ತಿದ್ದೆ. ಚುಕ್ಕೆ ಇರಲಿಲ್ಲ. ಕಣ್ಣಿಗೆ ಹತ್ತಿ ಇಟ್ಟು ಪಟ್ಟಿ ಕಟ್ಟಿ ಕಳಿಸಿದರು.

ವಾಪಸು ಬರುವಾಗ ಆಟೋ ಇಳಿಯಲು ಹೋಗಿ ಮೈದುನ ಮೆಟ್ಟಿಲು ಇಲ್ಲದ ಕಡೆ ಕಾಲಿಟ್ಟು ಎಡವಿದ. ನಾನು ಎಡಗಡೆಯೇ ನಿಂತಿದ್ದೆ, ಅವನಿಗೆ ಕಾಣಲಿಲ್ಲ. ಗಾಳಿಯಲ್ಲಿ ಕೈ ಆಡಿಸಿ ನನ್ನ ತೋಳು ಹುಡುಕಿ ಹಿಡಿದುಕೊಂಡ. ಹಿಡಿದವನು ಅಲ್ಲೇ ನಿಂತ.

"ಒಂದು ಕಣ್ಣು ಅಂದ್ರ ಹಿಂಗಿರತೈತೇನು ಅತ್ತಿಗಿ" ಎಂದ. ಮನೆ ಬಾಗಿಲವರೆಗೂ ತೋಳು ಬಿಡಲಿಲ್ಲ.

ನನ್ನ ಪ್ರಶ್ನೆಗೆ ಅದು ಉತ್ತರವಲ್ಲ. ಉತ್ತರ ಯಾರ ಹತ್ತಿರವೂ ಇಲ್ಲ. ಆದರೆ ಆ ದಿನದ ನಂತರ ಶಾಪಿನ ಗೋಡೆಯ ಮೊಳೆ ಖಾಲಿ ಇದೆ. ಕನ್ನಡಕ ಮೈದುನನ ಮುಖದ ಮೇಲಿರುತ್ತದೆ.

ಅಯಸ್ಕಾಂತವನ್ನು ಬಿಸಾಡಲು ಧೈರ್ಯವಿಲ್ಲ. ಯಾರೋ ಎತ್ತಿಕೊಳ್ಳುತ್ತಾರೆ, ಇನ್ನಾರದೋ ಕಣ್ಣಿಗೆ ಹಿಡಿಯುತ್ತಾರೆ. ಸಿರುಗುಪ್ಪದಿಂದ ಬಂದ ಅಕ್ಕಿ ಚೀಲದ ತಳದಲ್ಲಿ, ಬಟ್ಟೆಯಲ್ಲಿ ಸುತ್ತಿ ಹೂತಿಟ್ಟಿದ್ದೇನೆ. ಅಕ್ಕಿ ಅಳೆಯುವುದು ನನ್ನ ಅತ್ತೆಯ ಕಾಲದ ಕಬ್ಬಿಣದ ಪಾವಿನಿಂದ. ಚೀಲಕ್ಕೆ ಹೊಸ ಅಕ್ಕಿ ತುಂಬಿದಾಗ ಏನೂ ತಿಳಿಯುವುದಿಲ್ಲ. ಅಕ್ಕಿ ಇಳಿದ ಹಾಗೆ, ಒಂದು ಬೆಳಿಗ್ಗೆ, ಪಾವು ಕೈಯಲ್ಲಿ ಸ್ವಲ್ಪ ಭಾರವಾಗುತ್ತದೆ. ಮರುದಿನ ಇನ್ನೂ ಸ್ವಲ್ಪ. ಕೆಳಗಿನಿಂದ ಯಾರೋ ಹಿಡಿದುಕೊಂಡ ಹಾಗೆ. ಆಗ ನಾನು ಉಸಿರು ಬಿಗಿಹಿಡಿದು ಪಾವನ್ನು ಮೇಲೆತ್ತಿ, ಅಕ್ಕಿ ತರಿಸಲು ಮೈದುನನಿಗೆ ಹೇಳಿ ಕಳಿಸುತ್ತೇನೆ.